ಉರ್ಗೆಂಚ್: ನದಿ ಬಿಟ್ಟುಹೋದ ರಾಜಧಾನಿಯ ಪ್ರಕರಣ

ತುರ್ಕ್‌ಮೆನಿಸ್ತಾನದ ಉತ್ತರ ತುದಿಯಲ್ಲಿ, ಹತ್ತಿ ಹೊಲಗಳಿಗೂ ಮರುಭೂಮಿಗೂ ನಡುವೆ, ಸುಮಾರು 60 ಮೀಟರ್ ಎತ್ತರದ ಇಟ್ಟಿಗೆಯ ಮಿನಾರೊಂದು ತುಸು ವಾಲಿಕೊಂಡು ನಿಂತಿದೆ. ಅದರ ಆಸುಪಾಸಿನಲ್ಲಿ ಕೆಲವು ಗೋರಿಗಳು, ಒಂದು ಮಣ್ಣಿನ ಕೋಟೆಯ ಕುರುಹು, ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿದ ಬಯಲು. ಇದು ಕುನ್ಯಾ-ಉರ್ಗೆಂಚ್, ಎಂದರೆ ಹಳೆಯ ಉರ್ಗೆಂಚ್. ಪರ್ಷಿಯನ್ನರು ಇದನ್ನು ಗುರ್ಗಂಜ್ ಎನ್ನುತ್ತಿದ್ದರು, ಅರಬ್ಬರ ಬಾಯಲ್ಲಿ ಅದು ಜುರ್ಜಾನಿಯಾ ಆಯಿತು. 13ನೇ ಶತಮಾನದ ಆರಂಭದಲ್ಲಿ ಇರಾನಿನಿಂದ ಸಿರ್ ದರಿಯಾ ನದಿಯವರೆಗೆ ಹಬ್ಬಿದ್ದ ಖ್ವಾರಿಜ್ಮ್ ಸಾಮ್ರಾಜ್ಯದ ರಾಜಧಾನಿ ಇದೇ. 2005ರಲ್ಲಿ ಯುನೆಸ್ಕೊ ಈ ಪಾಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಗರವನ್ನು ಸಾಕಿದ ಅಮು ದರಿಯಾ ನದಿ ಮಾತ್ರ ಈಗ ಹತ್ತಾರು ಕಿಲೋಮೀಟರ್ ಆಚೆ ಹರಿಯುತ್ತದೆ.

ಈ ನಗರ ಸತ್ತದ್ದು ಹೇಗೆ ಎಂದು ಕೇಳಿದರೆ ಮೂರು ಉತ್ತರಗಳು ಸಿದ್ಧವಾಗಿವೆ. 1221ರಲ್ಲಿ ಮಂಗೋಲರು ಕೊಂದರು ಎಂಬುದು ಮೊದಲನೆಯದು. 1388ರಲ್ಲಿ ತೈಮೂರ್ ನೆಲಸಮ ಮಾಡಿ ಬಾರ್ಲಿ ಬಿತ್ತಿಸಿದ ಎಂಬುದು ಎರಡನೆಯದು. 1570ರ ದಶಕದಲ್ಲಿ ನದಿ ದಾರಿ ಬದಲಿಸಿತು ಎಂಬುದು ಮೂರನೆಯದು. ಮೂರೂ ನಡೆದ ಸಂಗತಿಗಳೇ, ಮೂರಕ್ಕೂ ಲಿಖಿತ ಸಾಕ್ಷ್ಯವಿದೆ. ಆದರೆ ಮೂರನ್ನೂ ಒಂದೇ ತೂಕದಲ್ಲಿ ಇಡಲು ನಾನು ಒಪ್ಪುವುದಿಲ್ಲ. ಮೊದಲನೆಯದರ ನಂತರ ನಗರ ಮೊದಲಿನಷ್ಟೇ ಸಿರಿವಂತವಾಗಿ ಎದ್ದಿತು. ಎರಡನೆಯದರ ನಂತರ ಅರೆಬರೆಯಾಗಿ ಎದ್ದಿತು. ಮೂರನೆಯದರ ನಂತರ ಏಳಲೇ ಇಲ್ಲ. ಹಾಗಾದರೆ ನದಿಯೇ ಅಪರಾಧಿಯೆಂದು ಕಡತ ಮುಚ್ಚಬಹುದೆ? ಅದಕ್ಕೂ ಮೊದಲು ಈ ನದಿಯ ನಡತೆಯನ್ನು ನೋಡಬೇಕು.

ನದಿಯ ನಡತೆ

ಅಮು ದರಿಯಾ ಪಾಮಿರ್ ಪರ್ವತಗಳ ಹಿಮದಲ್ಲಿ ಹುಟ್ಟುತ್ತದೆ. ಗ್ರೀಕರಿಗೆ ಇದು ಆಕ್ಸಸ್, ಅರಬ್ಬರಿಗೆ ಜೈಹೂನ್. ಹೂಳಿನ ವಿಷಯದಲ್ಲಿ ಜಗತ್ತಿನ ದೊಡ್ಡ ನದಿಗಳ ಸಾಲಿನಲ್ಲಿ ನಿಲ್ಲುವ ನದಿ ಇದು. ಪರ್ವತದಿಂದ ಹೊತ್ತು ತಂದ ಮಣ್ಣನ್ನು ಬಯಲಿಗೆ ಬಂದೊಡನೆ ಇಳಿಸತೊಡಗುತ್ತದೆ, ತನ್ನ ಪಾತ್ರವನ್ನು ತಾನೇ ಎತ್ತರಿಸಿಕೊಳ್ಳುತ್ತದೆ, ಕೊನೆಗೆ ಸುತ್ತಲಿನ ನೆಲಕ್ಕಿಂತ ಮೇಲೆ ಹರಿಯುತ್ತ ಒಂದು ದಿನ ದಂಡೆ ಒಡೆದು ತಗ್ಗಿನತ್ತ ನುಗ್ಗುತ್ತದೆ. ಮುಖಜಭೂಮಿಯಲ್ಲಿ ಅದರ ಮುಂದೆ ಎರಡು ತಗ್ಗುಗಳಿವೆ. ಉತ್ತರಕ್ಕೆ ಆರಲ್ ಸಮುದ್ರ, ಪಶ್ಚಿಮಕ್ಕೆ ಸಾರಿಕಮಿಶ್ ಎಂಬ ಆಳವಾದ ಕುಳಿ. ಸಾರಿಕಮಿಶ್ ತುಂಬಿ ಉಕ್ಕಿದರೆ ನೀರು ಉಜ್ಬೊಯ್ ಎಂಬ ಕಣಿವೆಯ ಮೂಲಕ ಕ್ಯಾಸ್ಪಿಯನ್ ಕಡೆಗೂ ಹೋಗಬಲ್ಲದು. ಸಾವಿರಾರು ವರ್ಷಗಳಿಂದ ನದಿ ಈ ಎರಡು ತಗ್ಗುಗಳ ನಡುವೆ ತೂಗಾಡುತ್ತ ಬಂದಿದೆ. ಉರ್ಗೆಂಚ್ ಇದ್ದದ್ದು ಪಶ್ಚಿಮದ ಕವಲಿನ ದಡದಲ್ಲಿ. ಆ ಕವಲಿಗೆ ದರ್ಯಾಲಿಕ್ ಎಂದು ಹೆಸರು.

ಇಲ್ಲಿನವರಿಗೆ ನದಿಯ ಬಗ್ಗೆ ಎರಡು ಭಯಗಳಿದ್ದವು. ಅದು ತೀರ ಹತ್ತಿರ ಬರುವ ಭಯ ಒಂದು, ಬಿಟ್ಟುಹೋಗುವ ಭಯ ಇನ್ನೊಂದು. ನೀರು ದಂಡೆಯ ಬುಡ ಕೊರೆದು ಹೊಲ, ಮನೆ, ರಸ್ತೆಗಳನ್ನು ತುಂಡು ತುಂಡಾಗಿ ಕೆಡವುವುದನ್ನು ಅವರು ದೇಗಿಶ್ ಎನ್ನುತ್ತಾರೆ. ಖ್ವಾರಿಜ್ಮಿನ ಹಳೆಯ ರಾಜಧಾನಿ ಕಾತ್ ಇದ್ದದ್ದು ನದಿಯ ಬಲದಂಡೆಯಲ್ಲಿ. 973ರಲ್ಲಿ ಅಲ್ಲಿ ಹುಟ್ಟಿದ ವಿದ್ವಾಂಸ ಅಲ್-ಬೀರೂನಿ ಆ ಊರಿನ ಕೋಟೆಯ ಕೊನೆಯ ದಿನಗಳನ್ನು ದಾಖಲಿಸಿದ್ದಾನೆ. ಹತ್ತು ಮೈಲಿ ದೂರಕ್ಕೂ ಕಾಣುತ್ತಿದ್ದ ಕೋಟೆಯನ್ನು ನದಿ ವರ್ಷ ವರ್ಷವೂ ಕೊಚ್ಚುತ್ತ ಹೋಯಿತು. 994ರ ಹೊತ್ತಿಗೆ ಅದರ ಗುರುತೂ ಉಳಿಯಲಿಲ್ಲ. ಇದು ಆ ಕಾಲದ ಕಥೆ ಮಾತ್ರ ಎಂದುಕೊಳ್ಳಬಾರದು. ಅದೇ ದಂಡೆಯ ತುರ್ತ್‌ಕುಲ್ ಪಟ್ಟಣ 20ನೇ ಶತಮಾನದಲ್ಲಿ ಕಾರಕಲ್ಪಾಕಿಸ್ತಾನದ (ಇಂದು ಉಜ್ಬೆಕಿಸ್ತಾನದೊಳಗಿನ ಸ್ವಾಯತ್ತ ಪ್ರದೇಶ) ರಾಜಧಾನಿಯಾಗಿತ್ತು. ನದಿ ಅದನ್ನು ಕೊರೆಯತೊಡಗಿದಾಗ ಸೋವಿಯತ್ ಆಡಳಿತ 1930ರ ದಶಕದಲ್ಲಿ ರಾಜಧಾನಿಯನ್ನೇ ನುಕುಸ್‌ಗೆ ಸಾಗಿಸಬೇಕಾಯಿತು.

ಕಾತ್ ಕರಗುತ್ತಿದ್ದಂತೆಯೇ ಎಡದಂಡೆಯ ಗುರ್ಗಂಜ್ ಬೆಳೆಯುತ್ತಿತ್ತು. 995ರಲ್ಲಿ ಗುರ್ಗಂಜಿನ ಅಮೀರ ಮಾಮೂನ್ ಕಾತ್‌ನ ದೊರೆಯನ್ನು ಸೋಲಿಸಿ ಇಡೀ ಖ್ವಾರಿಜ್ಮನ್ನು ಒಂದುಗೂಡಿಸಿದ. ಒಂದು ನಗರದ ಕೋಟೆಯನ್ನು ನದಿ ನುಂಗಿದ ಮರುವರ್ಷವೇ ಅಧಿಕಾರ ಇನ್ನೊಂದಕ್ಕೆ ಹೋದದ್ದು ಕಾಕತಾಳೀಯವಿರಲಾರದು ಎಂದು ನನಗನ್ನಿಸುತ್ತದೆ. ಆದರೆ ಗುರ್ಗಂಜಿನ ನಿಜವಾದ ಬಲ ನೀರಲ್ಲ, ದಾರಿ. ಉಸ್ತ್‌ಯುರ್ತ್ ಎಂಬ ಒಣ ಪ್ರಸ್ಥಭೂಮಿಯನ್ನು ದಾಟಿ ವೋಲ್ಗಾ ನದಿಯ ಕಡೆಗೆ ಹೊರಡುವ ಸಾರ್ಥಗಳಿಗೆ, ಎಂದರೆ ವರ್ತಕರ ತಂಡಗಳಿಗೆ, ಇದು ಕೊನೆಯ ದೊಡ್ಡ ಊರು, ಅಲ್ಲಿಂದ ಬರುವವರಿಗೆ ಮೊದಲನೆಯದು. ಬಾಗ್ದಾದಿನ ಖಲೀಫನ ರಾಯಭಾರದ ಜೊತೆ ವೋಲ್ಗಾಕ್ಕೆ ಹೊರಟ ಇಬ್ನ್ ಫದ್ಲಾನ್ 921–22ರ ಚಳಿಗಾಲವನ್ನು ಇಲ್ಲಿ ಕಳೆದ. ಜೈಹೂನ್ ಪೂರ್ತಿ ಹೆಪ್ಪುಗಟ್ಟಿತ್ತು, ಹಿಮದ ದಪ್ಪ 17 ಗೇಣು, ಕುದುರೆ, ಹೇಸರಗತ್ತೆ, ಗಾಡಿಗಳು ಅದರ ಮೇಲೆ ರಸ್ತೆಯ ಮೇಲಿನಂತೆ ಓಡಾಡುತ್ತಿದ್ದವು ಎಂದು ಬರೆದಿದ್ದಾನೆ. ಸ್ನಾನಗೃಹದಿಂದ ಮನೆಗೆ ಬರುವಷ್ಟರಲ್ಲಿ ಅವನ ಗಡ್ಡ ಗಟ್ಟಿಯಾಗಿತ್ತು. ಬೆಂಕಿಯ ಮುಂದೆ ಕುಳಿತು ಕರಗಿಸಿಕೊಳ್ಳಬೇಕಾಯಿತು.

ಮಾಮೂನನ ವಂಶದವರ ಆಸ್ಥಾನದಲ್ಲಿ ಬೀರೂನಿಯೂ ಇದ್ದ, ವೈದ್ಯ ಇಬ್ನ್ ಸೀನಾನೂ ಕೆಲವು ವರ್ಷ ಇದ್ದ. 1017ರಲ್ಲಿ ಘಜ್ನಿಯ ಮಹಮೂದ್ ಖ್ವಾರಿಜ್ಮನ್ನು ಗೆದ್ದು ಬೀರೂನಿಯನ್ನು ತನ್ನ ಜೊತೆ ಕರೆದೊಯ್ದ. ಬೀರೂನಿ ಭಾರತದ ಬಗ್ಗೆ ಬರೆಯಲು ಸಾಧ್ಯವಾದದ್ದು ಹೀಗೆ. ಈ ದೇಶದ ಲಿಪಿಗಳನ್ನು ಪಟ್ಟಿಮಾಡುವಾಗ ಅವನು ಕರ್ನಾಟ ದೇಶದ ಕರ್ನಾಟ ಲಿಪಿಯನ್ನು ಹೆಸರಿಸಿ, ಸೈನ್ಯಗಳಲ್ಲಿ ‘ಕನ್ನರ’ರೆಂದು ಕರೆಯಲ್ಪಡುವ ಪಡೆಗಳು ಅಲ್ಲಿಂದಲೇ ಬರುವುದೆಂದು ಸೇರಿಸಿದ್ದಾನೆ. ಅಮು ದರಿಯಾ ದಡದಲ್ಲಿ ಹುಟ್ಟಿದವನ ಲೇಖನಿಯಲ್ಲಿ ಕನ್ನಡಿಗರ ಉಲ್ಲೇಖ ಸಿಗುವುದು ಸಣ್ಣ ಸಂಗತಿಯಾದರೂ ಓದುವಾಗ ಖುಷಿಯಾಗುತ್ತದೆ.

ನೀರು ತಾನಾಗಿ ಬರುವುದಿಲ್ಲ

ಖ್ವಾರಿಜ್ಮಿನಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ನದಿ ಪಕ್ಕದಲ್ಲೇ ಇದ್ದರೂ ಕಾಲುವೆಯಿಲ್ಲದೆ ಒಂದು ಕಾಳೂ ಬೆಳೆಯುವುದಿಲ್ಲ. ಕಾಲುವೆಯನ್ನು ಒಮ್ಮೆ ಅಗೆದರೆ ಸಾಲದು. ನದಿ ತರುವ ಹೂಳು ಒಂದೇ ಹಂಗಾಮಿನಲ್ಲಿ ಕಾಲುವೆಯ ಬಾಯಿ ಮುಚ್ಚಿಬಿಡುತ್ತದೆ. ಹಾಗಾಗಿ ಪ್ರತಿ ವರ್ಷ, ಬೇಸಿಗೆಯ ನೆರೆ ಬರುವ ಮೊದಲೇ, ಸಾವಿರಾರು ಜನ ಸೇರಿ ಹೂಳೆತ್ತಬೇಕಿತ್ತು, ಒಡ್ಡುಗಳನ್ನು ಮಣ್ಣು, ಜೊಂಡು, ಕಟ್ಟಿಗೆಯ ಕಂತೆಗಳಿಂದ ಬಲಪಡಿಸಬೇಕಿತ್ತು. ಮುಂದೆ ಖ್ವಾರಿಜ್ಮನ್ನು ಖಿವಾ ಎಂಬ ಊರಿನಿಂದ ಆಳಿದ ಖಾನರ ಕಾಲದಲ್ಲಿ ಈ ಕಡ್ಡಾಯ ದುಡಿಮೆಗೆ ಕಜು ಎಂದು ಹೆಸರಿತ್ತು. ನೀರನ್ನು ಹಂಚುವವನು ಮೀರಾಬ್. ನಮ್ಮ ಕೆರೆಯ ನೀರಗಂಟಿಯ ಕೆಲಸವೇ ಅವನದು, ಅಧಿಕಾರ ಮಾತ್ರ ಬಹಳ ಹೆಚ್ಚು. ಎತ್ತರದ ಹೊಲಗಳಿಗೆ ಪ್ರಾಣಿಗಳನ್ನು ಹೂಡಿ ತಿರುಗಿಸುವ ಚಿಗಿರ್ ಎಂಬ ನೀರೆತ್ತುವ ಗಾಲಿ ಇತ್ತು.

ಈ ಪ್ರಕರಣದ ಕೀಲಿ ಇರುವುದು ಇಲ್ಲಿ. ದಂಡೆ ಒಡೆದ ಕಡೆಗೆ ಕೂಡಲೇ ಜನರನ್ನು ಕಳಿಸಬಲ್ಲ, ಅವರಿಗೆ ಊಟ ಹಾಕಬಲ್ಲ, ಮೇಲಿನ ಊರು ಕೆಳಗಿನ ಊರಿನ ನೀರು ಕದಿಯದಂತೆ ತಡೆಯಬಲ್ಲ ಒಂದು ಆಡಳಿತವಿರುವ ತನಕ ನದಿಯ ಚಂಚಲತೆ ಒಂದು ತೊಂದರೆ ಮಾತ್ರ. ಅಂಥ ಆಡಳಿತ ಇಲ್ಲದಿದ್ದಾಗ ಅದು ಮರಣಶಾಸನ.

1221

ಆ ದಾಳಿಯ ಹಿನ್ನೆಲೆ ಬಹಳ ಕಡೆ ಬರೆದಾಗಿದೆ: 1218ರಲ್ಲಿ ಸಿರ್ ದರಿಯಾ ಬಳಿಯ ಗಡಿಪಟ್ಟಣ ಒತ್ರಾರ್‌ನಲ್ಲಿ ಚಂಗೀಸ್ ಖಾನನ ಸಾರ್ಥದ ವರ್ತಕರ ಕೊಲೆ, ಖ್ವಾರಿಜ್ಮ್ ಷಾ ಮುಹಮ್ಮದ್‌ನ ಅಹಂಕಾರ, 1219ರ ದಂಡಯಾತ್ರೆ. ಷಾ ಯುದ್ಧ ಮಾಡದೆ ಓಡಿ, ಕ್ಯಾಸ್ಪಿಯನ್‌ನ ಒಂದು ದ್ವೀಪದಲ್ಲಿ ಸತ್ತ. ಗುರ್ಗಂಜಿನಲ್ಲಿ ಅಧಿಕಾರ ನಡೆಸುತ್ತಿದ್ದ ಅವನ ತಾಯಿ ತೆರ್ಕೆನ್ ಖಾತೂನ್ ಊರು ಬಿಡುವ ಮೊದಲು ಒತ್ತೆಯಾಳುಗಳಾಗಿದ್ದ ರಾಜವಂಶದವರನ್ನು ನದಿಯಲ್ಲಿ ಮುಳುಗಿಸಿ ಕೊಲ್ಲಿಸಿದಳು. ದೊರೆಯಿಲ್ಲದ ನಗರ ತಿಂಗಳುಗಟ್ಟಲೆ ಹೋರಾಡಿತು.

ಮುತ್ತಿಗೆ ಹಾಕಿದವರು ಚಂಗೀಸನ ಮೂವರು ಮಕ್ಕಳು: ಜೋಚಿ, ಚಗತಾಯ್, ಒಗೆದೇಯ್. ಮುಂದೆ ತನ್ನ ಪಾಲಿಗೆ ಬರಲಿರುವ ನಗರ ಹಾಳಾಗದಿರಲಿ ಎಂಬುದು ಜೋಚಿಯ ಆಸೆ. ಚಗತಾಯ್‌ಗೆ ಆ ತಾಳ್ಮೆ ಇರಲಿಲ್ಲ. ಅಣ್ಣತಮ್ಮಂದಿರ ಜಗಳ ಬಿಗಡಾಯಿಸಿ, ಕೊನೆಗೆ ಚಂಗೀಸ್ ಒಗೆದೇಯ್‌ಗೆ ನೇತೃತ್ವ ವಹಿಸಬೇಕಾಯಿತು. ಮೆಕ್ಕಲು ನೆಲವಾದ್ದರಿಂದ ಕವಣೆಯಂತ್ರಕ್ಕೆ ಕಲ್ಲು ಸಿಗಲಿಲ್ಲ. ಹಿಪ್ಪುನೇರಳೆ ಮರಗಳನ್ನು ಕಡಿದು, ದಿಮ್ಮಿಗಳನ್ನು ನೀರಲ್ಲಿ ನೆನೆಸಿ ಭಾರ ಮಾಡಿ ಎಸೆದರು ಎನ್ನುತ್ತಾನೆ ಪರ್ಷಿಯನ್ ಇತಿಹಾಸಕಾರ ಜುವೈನಿ. ನದಿಯನ್ನು ನಗರದಿಂದ ಬೇರೆಡೆಗೆ ತಿರುಗಿಸಲು ಹೋದ 3,000 ಮಂಗೋಲರನ್ನು ನಗರದವರು ಸೇತುವೆಯ ಬಳಿ ಸುತ್ತುವರಿದು ಒಬ್ಬನನ್ನೂ ಬಿಡದೆ ಕೊಂದರು. ಎರಡೂ ಪಕ್ಷಗಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು: ಗೋಡೆಗಿಂತ ನೀರು ಮುಖ್ಯ.

ಕೊನೆಗೆ ಮಂಗೋಲರು ಬೀದಿ ಬೀದಿಗೂ ನಾಫ್ತಾದ (ಕಲ್ಲೆಣ್ಣೆಯ) ಬೆಂಕಿ ಹಚ್ಚುತ್ತ ಒಳಗೆ ಬಂದರು. ಲಕ್ಷಕ್ಕೂ ಹೆಚ್ಚು ಕುಶಲಕರ್ಮಿಗಳನ್ನು ಬೇರ್ಪಡಿಸಿ ಪೂರ್ವದ ನಾಡುಗಳಿಗೆ ಅಟ್ಟಿದರು ಎಂಬುದು ಜುವೈನಿಯ ಲೆಕ್ಕ. ಸತ್ತವರ ಸಂಖ್ಯೆಯ ಬಗ್ಗೆ ಅವನು ಕೇಳಿದ್ದು ತನಗೇ ನಂಬಲಾಗದಷ್ಟು ದೊಡ್ಡದಾಗಿತ್ತಾದ್ದರಿಂದ ಬರೆಯದೆ ಬಿಟ್ಟೆ ಎನ್ನುತ್ತಾನೆ. ಮಧ್ಯಯುಗದ ಚರಿತ್ರೆಕಾರನಲ್ಲಿ ಇಂಥ ಸಂಕೋಚ ಅಪರೂಪ. ಇರಾಕಿನ ಮೋಸುಲ್‌ನಲ್ಲಿ ಕುಳಿತು ಬರೆದ ಇಬ್ನ್ ಅಲ್-ಅಸೀರ್ ಇನ್ನೊಂದು ವಿವರ ಕೊಡುತ್ತಾನೆ. ನಗರ ಬಿದ್ದ ಮೇಲೆ ಮಂಗೋಲರು ಜೈಹೂನಿನ ಒಡ್ಡನ್ನು ಒಡೆದರು; ನೀರು ನುಗ್ಗಿ ಕಟ್ಟಡಗಳು ಕುಸಿದವು; ಬೇರೆ ಊರುಗಳಲ್ಲಾದರೆ ಅಡಗಿಕೊಂಡವರು ಕೆಲವರಾದರೂ ಉಳಿಯುತ್ತಿದ್ದರು, ಇಲ್ಲಿ ಅಡಗಿದವರು ಮುಳುಗಿ ಸತ್ತರು.

ಇದರ ಮುಂದಿನ ಪರಿಣಾಮ ವಿಚಿತ್ರವಾಗಿದೆ. ಒಡ್ಡುಗಳು ಹೋದ ಮೇಲೆ ನದಿಯ ದೊಡ್ಡ ಪಾಲು ಪಶ್ಚಿಮದ ಕವಲಿನಲ್ಲಿ, ಸಾರಿಕಮಿಶ್ ಕಡೆಗೆ ಹರಿಯತೊಡಗಿತು. ಆರಲ್ ಕುಗ್ಗಿತು. ಇದಕ್ಕೆ ಪುರಾವೆ ಒದಗಿದ್ದು ನಮ್ಮ ಕಾಲದಲ್ಲಿ: ಆರಲ್ ಬತ್ತಿ ತಳ ಕಂಡಾಗ, ಹಿಂದೆ ಸಮುದ್ರವಿದ್ದ ಜಾಗದಲ್ಲಿ ಕೆರ್ದೆರಿ ಎಂಬಲ್ಲಿ ಸುಮಾರು 14ನೇ ಶತಮಾನದ ಗೋರಿಕಟ್ಟಡದ ಅವಶೇಷ ಸಿಕ್ಕಿತು. ಎಂದರೆ ಆ ಕಾಲದಲ್ಲಿ ಅದು ಜನ ಓಡಾಡುವ ಒಣನೆಲ. ಆರಲ್ ಕಳೆದುಕೊಂಡ ನೀರು ಉರ್ಗೆಂಚಿನ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಮಂಗೋಲರು ಮುಳುಗಿಸಿದ ನಗರಕ್ಕೆ ಅದೇ ಪ್ರವಾಹ ಮುಂದಿನ ಮೂರು ಶತಮಾನಗಳ ಬದುಕನ್ನೂ ಒದಗಿಸಿತು. 1221ನ್ನು ಸಾವಿನ ದಿನಾಂಕ ಎನ್ನಲು ನಾನು ಒಪ್ಪದಿರುವುದು ಇದಕ್ಕೇ.

ಮಧ್ಯೆ ಒಂದು ಸುಭಿಕ್ಷ

ಚಿನ್ನದ ತಂಡ ಎಂದು ಇತಿಹಾಸಕಾರರು ಕರೆಯುವ ಜೋಚಿಯ ವಂಶದವರ ರಾಜ್ಯಕ್ಕೆ ಉರ್ಗೆಂಚ್ ಬೇಕಾಗಿತ್ತು. ವೋಲ್ಗಾ ದಡದ ಅವರ ರಾಜಧಾನಿ ಸರಾಯ್‌ಗೂ ಪೂರ್ವದ ನಾಡುಗಳಿಗೂ ಇದು ಕೊಂಡಿ. ಅವರ ಪ್ರಾಂತಾಧಿಕಾರಿ ಕುತ್ಲುಗ್ ತೈಮೂರ್‌ನ ಹೆಸರು ಇವತ್ತಿಗೂ ಆ ಎತ್ತರದ ಮಿನಾರಿಗಿದೆ. ಅವನ ಪತ್ನಿ ತುರಾಬೆಕ್ ಖಾನುಮ್‌ಳ ಹೆಸರಿನ ಗೋರಿಯ ಒಳಗುಮ್ಮಟದ ಬಣ್ಣದ ಹೆಂಚಿನ ಕುಸುರಿ ಮಧ್ಯ ಏಷ್ಯಾದಲ್ಲೇ ಶ್ರೇಷ್ಠವಾದುದೆಂದು ಹೆಸರಾಗಿದೆ. 1333ರಲ್ಲಿ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇದನ್ನು ತುರ್ಕರ ಅತಿ ದೊಡ್ಡ, ಅತಿ ಸುಂದರ ನಗರ ಎಂದ. ಕುದುರೆಯೇರಿ ಪೇಟೆಗೆ ಹೋದವನು ಜನಜಂಗುಳಿಯ ನಡುವೆ ಸಿಕ್ಕಿಬಿದ್ದು ಮುಂದಕ್ಕೂ ಹೋಗಲಾಗದೆ, ಹಿಂದಕ್ಕೂ ಬರಲಾಗದೆ ಒದ್ದಾಡಿದ. ಬೇಸಿಗೆಯಲ್ಲಿ ತೆರ್ಮಿಜ್‌ನಿಂದ ಗೋಧಿ, ಬಾರ್ಲಿ ಹೊತ್ತ ದೋಣಿಗಳು ಹತ್ತು ದಿನಗಳಲ್ಲಿ ಹರಿವಿನ ಜೊತೆ ಇಳಿದು ಬರುತ್ತಿದ್ದವು. ಖ್ವಾರಿಜ್ಮಿನ ಕರಬೂಜವನ್ನು ಹೋಳು ಮಾಡಿ, ಬಿಸಿಲಲ್ಲಿ ಒಣಗಿಸಿ, ಬುಟ್ಟಿಗಳಲ್ಲಿ ತುಂಬಿ ಭಾರತಕ್ಕೂ ಚೀನಾಕ್ಕೂ ಕಳಿಸುತ್ತಿದ್ದುದನ್ನು ಅವನು ಬಹಳ ಅಕ್ಕರೆಯಿಂದ ವರ್ಣಿಸಿದ್ದಾನೆ. ಇದೇ ಇಬ್ನ್ ಬತೂತ ಮುಂದೆ ದೆಹಲಿಯಲ್ಲಿ ಖಾಜಿಯಾಗಿ, ಆಮೇಲೆ ಪಶ್ಚಿಮ ಕರಾವಳಿಯಲ್ಲಿ ನಮ್ಮ ಹೊನ್ನಾವರಕ್ಕೂ ಮಂಗಳೂರಿಗೂ ಬಂದವನು. ತಿನಿಸಿನ ವಿಷಯದಲ್ಲಿ ಅವನ ಮಾತನ್ನು ನಂಬಬಹುದು.

ಇದೇ ಕಾಲದ ಇನ್ನೊಂದು ಸಾಕ್ಷ್ಯ ಪ್ರವಾಸಿಯದಲ್ಲ, ವ್ಯಾಪಾರಿಯದು. 1340ರ ಸುಮಾರಿಗೆ ಫ್ಲಾರೆನ್ಸಿನ ಪೆಗೊಲೊಟ್ಟಿ ವರ್ತಕರಿಗಾಗಿ ಒಂದು ಕೈಪಿಡಿ ಬರೆದ. ಚೀನಾಕ್ಕೆ ಹೋಗುವವರು ನಾರುಬಟ್ಟೆಯನ್ನು ಒಯ್ದು ಉರ್ಗೆಂಚಿನಲ್ಲಿ ಮಾರಬೇಕು, ಅಲ್ಲಿ ಒಳ್ಳೆಯ ಬೆಲೆ ಬರುತ್ತದೆ, ಆ ಹಣದಲ್ಲಿ ಬೆಳ್ಳಿಯ ಗಟ್ಟಿ ಕೊಂಡು ಮುಂದೆ ಹೋಗಬೇಕು ಎಂಬುದು ಅವನ ಸಲಹೆ. ಯುರೋಪಿನ ಬಟ್ಟೆಗೆ ಉರ್ಗೆಂಚಿನಲ್ಲಿ ಗಿರಾಕಿಗಳಿದ್ದರು. ಈ ಒಂದು ಅಂಶವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ತೈಮೂರ್ ಒಯ್ದದ್ದು

ತೈಮೂರ್ 1372ರಿಂದ 1388ರ ನಡುವೆ ಖ್ವಾರಿಜ್ಮಿನ ಮೇಲೆ ಮತ್ತೆ ಮತ್ತೆ ದಂಡೆತ್ತಿದ. 1379ರಲ್ಲಿ ನಗರ ಬಿದ್ದಾಗ ಅದರ ಕುಶಲಕರ್ಮಿಗಳನ್ನು ತನ್ನ ಹುಟ್ಟೂರು ಶಹ್ರಿಸಬ್ಜ್‌ಗೆ ಸಾಗಿಸಿದ. ಅಲ್ಲಿನ ಅಕ್ ಸರಾಯ್ ಅರಮನೆಯ ಕೆಲಸದಲ್ಲಿ ಖ್ವಾರಿಜ್ಮಿಗಳ ಕೈಯಿದೆ. 1388ರಲ್ಲಿ ಮತ್ತೆ ದಂಗೆ ಎದ್ದಾಗ ನಗರವನ್ನು ನೆಲಸಮ ಮಾಡಿ, ಜನರನ್ನು ಸಮರ್‌ಕಂದಿಗೆ ಅಟ್ಟಿ, ಆ ಜಾಗದಲ್ಲಿ ಬಾರ್ಲಿ ಬಿತ್ತಿಸಿದ. ಮೂರು ವರ್ಷದ ನಂತರ ಒಂದು ಕೇರಿಯಷ್ಟನ್ನು ಮತ್ತೆ ಕಟ್ಟಲು ಅಪ್ಪಣೆ ಕೊಟ್ಟ.

ಎಲ್ಲರ ಬಾಯಲ್ಲೂ ಉಳಿದದ್ದು ಬಾರ್ಲಿಯ ಕಥೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1395. ಆ ವರ್ಷ ತೈಮೂರ್ ವೋಲ್ಗಾ ದಡದ ಸರಾಯ್ ಮತ್ತು ಆಸ್ತ್ರಾಖಾನ್‌ಗಳನ್ನು ಸುಟ್ಟುಹಾಕಿದ. ಉರ್ಗೆಂಚಿನಿಂದ ಹೊರಟ ದಾರಿಯ ಆಚೆ ತುದಿಯೇ ಇಲ್ಲವಾಯಿತು. ಮನೆಗಳನ್ನು ಮತ್ತೆ ಕಟ್ಟಬಹುದಿತ್ತು, ಕಟ್ಟಿದರು ಕೂಡ. ಗಿರಾಕಿಗಳನ್ನು ಯಾರು ಕಟ್ಟಿಕೊಡಬೇಕು?

ನಾಲ್ಕು ತಾನು ಉಣ್ಣೆಬಟ್ಟೆ

1558ರ ಅಕ್ಟೋಬರ್‌ನಲ್ಲಿ ರಷ್ಯಾದೊಡನೆ ವ್ಯಾಪಾರ ಮಾಡುತ್ತಿದ್ದ ಇಂಗ್ಲೆಂಡಿನ ಮಸ್ಕೊವಿ ಕಂಪನಿಯ ಆಳು ಆಂಥೊನಿ ಜೆಂಕಿನ್ಸನ್ ಇಲ್ಲಿಗೆ ಬಂದ. ಮಾಸ್ಕೊದಿಂದ ವೋಲ್ಗಾ ಇಳಿದು, ಕ್ಯಾಸ್ಪಿಯನ್ ದಾಟಿ, ಒಂಟೆಗಳ ಮೇಲೆ ಸರಕು ಹೇರಿಕೊಂಡು, ವಜೀರ್ ಎಂಬ ಪಕ್ಕದ ಊರಿನ ಮೂಲಕ ಉರ್ಗೆಂಚ್ ತಲುಪಿದ. ಚೀನಾದ ದಾರಿ ಹುಡುಕಿಕೊಂಡು ಬಂದವನು ಅವನು. ಕಂಡದ್ದು ನಾಲ್ಕು ಮೈಲಿ ಸುತ್ತಳತೆಯ ಮಣ್ಣಿನ ಗೋಡೆ, ಒಳಗೆ ಪಾಳುಬಿದ್ದ ಕಟ್ಟಡಗಳು, ಪೇಟೆಯೆಂದು ಕರೆಯಬಹುದಾದ ಒಂದು ಚಾವಣಿಯಿರುವ ಬೀದಿ. ಏಳು ವರ್ಷಗಳಲ್ಲಿ ಈ ಊರು ಒಳಜಗಳದಿಂದ ನಾಲ್ಕು ಸಲ ಕೈ ಬದಲಾಯಿಸಿದೆ, ಹಾಗಾಗಿ ವರ್ತಕರು ಕೆಲವೇ ಮಂದಿ, ಅವರೂ ಬಡವರು ಎಂದು ಬರೆದ. ಇಡೀ ಊರಿನಲ್ಲಿ ಅವನು ಮಾರಿದ್ದು ಕೆರ್ಸಿ ಎಂಬ ಇಂಗ್ಲಿಷ್ ಉಣ್ಣೆಬಟ್ಟೆಯ ನಾಲ್ಕು ತಾನು.

ಪೆಗೊಲೊಟ್ಟಿಯ ಕೈಪಿಡಿಗೂ ಈ ನಾಲ್ಕು ತಾನಿಗೂ ನಡುವೆ ಸುಮಾರು 220 ವರ್ಷ. ಇಷ್ಟರಲ್ಲಿ ನದಿ ಇನ್ನೂ ಎಲ್ಲಿಗೂ ಹೋಗಿಲ್ಲ ಎಂಬುದನ್ನು ಗಮನಿಸಬೇಕು. ನೀರು ಇದೆ, ಕರಬೂಜವೂ ಇದೆ. ಜೆಂಕಿನ್ಸನ್ ವಜೀರಿನಲ್ಲಿ ಅದನ್ನು ತಿಂದು ಮೆಚ್ಚಿಕೊಂಡಿದ್ದಾನೆ. ವ್ಯಾಪಾರವಿಲ್ಲ, ನೆಲೆಯಾದ ಆಡಳಿತವಿಲ್ಲ. 1511ರಿಂದ ಅಧಿಕಾರಕ್ಕೆ ಬಂದಿದ್ದ ಉಜ್ಬೆಕ್ ಮನೆತನದ ಅಣ್ಣತಮ್ಮಂದಿರು ಊರಿಗೊಬ್ಬ ಸುಲ್ತಾನನಾಗಿ ಕುಳಿತು ಪರಸ್ಪರ ಹೊಡೆದಾಡುತ್ತಿದ್ದರು. ವಜೀರಿನವನು ಒಡ್ಡು ಕಟ್ಟಲು ಕರೆದರೆ ಉರ್ಗೆಂಚಿನವನು ಆಳು ಕಳಿಸುವ ಕಾಲವಲ್ಲ ಅದು.

ಜೆಂಕಿನ್ಸನ್ ನದಿಯ ಬಗ್ಗೆಯೂ ಒಂದು ಮಾತು ಬರೆದಿದ್ದಾನೆ. ಈ ನಾಡಿನ ನೀರನ್ನೆಲ್ಲ ಆಕ್ಸಸ್‌ನಿಂದ ಕಾಲುವೆ ತೋಡಿ ಎಳೆದುಕೊಳ್ಳುತ್ತಾರೆ, ಇದರಿಂದ ನದಿಗೆ ದೊಡ್ಡ ಹಾನಿಯಾಗಿ ಅದು ಹಿಂದಿನಂತೆ ಕ್ಯಾಸ್ಪಿಯನ್ ಸೇರುತ್ತಿಲ್ಲ, ನದಿ ಕೈಕೊಟ್ಟರೆ ಸ್ವಲ್ಪ ಕಾಲದಲ್ಲೇ ಈ ನೆಲವೆಲ್ಲ ನೀರಿಲ್ಲದೆ ಬೀಳುಬಿದ್ದು ಹೋಗುತ್ತದೆ ಎಂದು. ಅವನ ಭೂಗೋಳದಲ್ಲಿ ತಪ್ಪುಗಳಿವೆ, ಕಾಲುವೆಗಳೇ ನದಿಯನ್ನು ಕೊಲ್ಲುತ್ತಿವೆ ಎಂಬ ತರ್ಕವೂ ಆ ಶತಮಾನಕ್ಕೆ ಪೂರ್ತಿ ಹೊಂದುವುದಿಲ್ಲ. ಆದರೆ ಬಟ್ಟೆ ಮಾರಲು ಬಂದ ಹೊರಗಿನವನಿಗೂ ಅಪಾಯ ಕಣ್ಣಿಗೆ ಕಾಣುವಂತಿತ್ತು.

ಖಾನನೇ ಬರೆದ ಸಾಕ್ಷ್ಯ

ನದಿ ಹೋದದ್ದಕ್ಕೆ ನಮ್ಮ ಮುಖ್ಯ ಸಾಕ್ಷಿ ಅಬುಲ್ ಗಾಜಿ ಬಹಾದುರ್ ಖಾನ್. 1603ರಲ್ಲಿ ಉರ್ಗೆಂಚಿನಲ್ಲೇ ಹುಟ್ಟಿದವನು, ಯೌವನದ ಹತ್ತು ವರ್ಷವನ್ನು ಇರಾನಿನಲ್ಲಿ ಬಂದಿಯಾಗಿ ಕಳೆದವನು, 1640ರ ದಶಕದಲ್ಲಿ ಖಿವಾದ ಗದ್ದುಗೆ ಏರಿದವನು. ತನ್ನ ವಂಶದ ಇತಿಹಾಸವನ್ನು ತಾನೇ, ತನ್ನ ತುರ್ಕಿಯಲ್ಲಿ ಬರೆದ. ತಾನು ಹುಟ್ಟುವುದಕ್ಕೆ 30 ವರ್ಷ ಮೊದಲು ಅಮು ನದಿ ದಂಡೆ ಒಡೆದು ಹೊಸ ದಾರಿ ಹಿಡಿದು ಸಿರ್ ಸಮುದ್ರ ಸೇರಿತು, ಇದರಿಂದ ಉರ್ಗೆಂಚ್ ಮರಳುಗಾಡಾಯಿತು ಎನ್ನುತ್ತಾನೆ. ಸಿರ್ ಸಮುದ್ರವೆಂದರೆ ಆರಲ್. ಲೆಕ್ಕ ಹಾಕಿದರೆ 1573ರ ಆಸುಪಾಸು.

ಈ ಹೇಳಿಕೆಯ ಬೆಲೆ ಇರುವುದು ಅದು ಮನೆಯ ಮಾತಾಗಿರುವುದರಿಂದ. ನದಿ ಹೋದುದನ್ನು ಕಣ್ಣಾರೆ ಕಂಡ ಹಿರಿಯರ ನಡುವೆ ಅವನು ಬೆಳೆದ. ಇನ್ನೂ ಒಂದು ಸೂಕ್ಷ್ಮ ಅದರಲ್ಲಿದೆ: 1573ರ ನಂತರವೂ ಖಾನನ ಮನೆತನ ಉರ್ಗೆಂಚ್ ಬಿಟ್ಟಿರಲಿಲ್ಲ, ಅಬುಲ್ ಗಾಜಿ ಹುಟ್ಟಿದ್ದೇ ಅಲ್ಲಿ. ನೀರು ನಿಂತ 30 ವರ್ಷದ ಮೇಲೂ ಜನ ಅಲ್ಲಿದ್ದರು. ಎಂದರೆ ನದಿ ಒಂದು ರಾತ್ರಿಯಲ್ಲಿ ಊರನ್ನು ಒಣಗಿಸಲಿಲ್ಲ. ಮತ್ತೆ ನೀರು ತರಲು ಒಂದು ತಲೆಮಾರಿನಷ್ಟು ಕಾಲಾವಕಾಶ ಸಿಕ್ಕಿತ್ತು. ಆ ಅವಕಾಶ ಹಾಗೇ ಕಳೆದುಹೋಯಿತು. 17ನೇ ಶತಮಾನದ ಆರಂಭದಲ್ಲಿ ರಾಜಧಾನಿ ಖಿವಾಕ್ಕೆ ಹೋಯಿತು. 1646ರ ಸುಮಾರಿಗೆ ಅಬುಲ್ ಗಾಜಿಯೇ ಹಳೆಯ ಊರಿನ ಜನರಿಗಾಗಿ ಆಗ್ನೇಯಕ್ಕೆ, ನೀರಿನ ಹತ್ತಿರ, ಹೊಸ ಉರ್ಗೆಂಚನ್ನು ಕಟ್ಟಿಸಿದ. ಇಂದು ಉಜ್ಬೆಕಿಸ್ತಾನದ ಖ್ವಾರಿಜ್ಮ್ ಪ್ರಾಂತದ ಕೇಂದ್ರ ಅದೇ. ವಜೀರ್ ಕೂಡ ಪಾಳುಬಿದ್ದಿತು. ಅದನ್ನು ಚಂಗೀಸನೂ ತೈಮೂರನೂ ಕೆಡವಿರಲಿಲ್ಲ. ಪಶ್ಚಿಮದ ಕವಲನ್ನೇ ನಂಬಿದ್ದ ಊರೆಂಬುದಷ್ಟೇ ಅದರ ದೋಷ.

ಹಾಗಾದರೆ ಹೊಣೆ ಯಾರದು

1937ರಿಂದ ಇಲ್ಲಿ ಉತ್ಖನನ ನಡೆಸಿದ ಸೋವಿಯತ್ ಪುರಾತತ್ತ್ವಜ್ಞ ಸೆರ್ಗೆಯ್ ತೊಲ್ಸ್ತೊವ್ ಮರುಭೂಮಿಯ ಸತ್ತ ಕಾಲುವೆಗಳನ್ನು ವಿಮಾನದಿಂದ ಸಮೀಕ್ಷೆ ಮಾಡಿಸಿದ. ಖ್ವಾರಿಜ್ಮಿನ ಹೊಲಗಳು ಮರಳಾದದ್ದು ಹವಾಮಾನದಿಂದಲ್ಲ, ಸಮಾಜ ಮತ್ತು ರಾಜ್ಯ ಕುಸಿದದ್ದರಿಂದ ಎಂಬುದು ಅವನ ವಾದ. ಆ ಕಾಲದ ಮಾಸ್ಕೊಗೆ ಹಿಡಿಸುವ ವಾದವದು ಎಂಬ ಅನುಮಾನ ಇಟ್ಟುಕೊಂಡೇ ಓದಬೇಕು. ಸ್ವತಂತ್ರವಾಗಿ ಹೂಳನ್ನೂ ಸರೋವರದ ಪದರಗಳನ್ನೂ ಓದುವ ವಿಜ್ಞಾನಿಗಳು ನದಿಯ ಓಲಾಟ ನಿಸರ್ಗ ಸಹಜವೇ ಎಂದು ತೋರಿಸಿಕೊಟ್ಟಿದ್ದಾರೆ. ಮನುಷ್ಯ ಇಲ್ಲದಿದ್ದರೂ ಅಮು ದರಿಯಾ ಎಂದಾದರೂ ಆರಲ್ ಕಡೆಗೆ ತಿರುಗಿಯೇ ತಿರುಗುತ್ತಿತ್ತು.

ನನ್ನ ತೀರ್ಮಾನ ತೊಲ್ಸ್ತೊವ್‌ಗೆ ಹತ್ತಿರ, ಪೂರ್ತಿ ಅವನದಲ್ಲ. ನದಿ ತಿರುಗಿದ್ದು ನಿಸರ್ಗದ ಕೆಲಸ. ತಿರುಗಿದ ನದಿಯನ್ನು ಕಾಲುವೆಯಿಂದ ಹಿಂಬಾಲಿಸಲು ಆಗದಿದ್ದದ್ದು ಮನುಷ್ಯರ ಕೆಲಸ. ಇದಕ್ಕೆ ಸರಳ ಪುರಾವೆ ಸ್ಥಳದಲ್ಲೇ ಇದೆ: 19ನೇ ಶತಮಾನದಲ್ಲಿ ಖಿವಾದ ಖಾನರು ಬಲಗೊಂಡಾಗ ಕಾಲುವೆ ತೋಡಿಸಿ ಹಳೆಯ ಉರ್ಗೆಂಚಿನ ಪಕ್ಕಕ್ಕೆ ನೀರು ತಂದರು, ಹೊಸದೊಂದು ಪಟ್ಟಣ ಎದ್ದಿತು. ಆಗಲೂ ನದಿ ದೂರದಲ್ಲೇ ಇತ್ತು. ಹಾರೆ, ಗುದ್ದಲಿ, ಕಡ್ಡಾಯ ದುಡಿಮೆಗಳಿಂದ ಆದ ಕೆಲಸ ಅದು. 1573ರಲ್ಲಿ ಇಲ್ಲದ ಯಾವ ಯಂತ್ರವೂ ಖಾನರ ಬಳಿ ಇರಲಿಲ್ಲ. 1221ರಲ್ಲಿ ಹೋದ ಕುಶಲಿಗಳು, 1388ರಲ್ಲಿ ಹೋದ ಜನ, 1395ರಲ್ಲಿ ಹೋದ ದಾರಿ, 16ನೇ ಶತಮಾನದ ದಾಯಾದಿ ಕಾಳಗ, ಇವೆಲ್ಲ ಕೂಡಿ ನಗರವನ್ನು ಬಡಕಲು ಮಾಡಿದ್ದವು. ನದಿ ಹೊರಟಾಗ ಅದನ್ನು ಹಿಡಿದು ತರುವ ಕೈಗಳಿರಲಿಲ್ಲ. ತರಬೇಕೆಂಬ ಕಾರಣವೂ ಉಳಿದಿರಲಿಲ್ಲ ಎಂಬುದನ್ನು ಜೆಂಕಿನ್ಸನ್‌ನ ನಾಲ್ಕು ತಾನು ಹೇಳುತ್ತದೆ.

ಆಮೇಲಿನ ಅಧ್ಯಾಯಗಳು

ಪಶ್ಚಿಮದ ಒಣ ಪಾತ್ರ ಇನ್ನೊಬ್ಬ ದೊರೆಯ ತಲೆ ಕೆಡಿಸಿತು. ಅಮು ದರಿಯಾವನ್ನು ಖಿವಾದವರು ಒಡ್ಡು ಕಟ್ಟಿ ಆರಲ್‌ಗೆ ತಿರುಗಿಸಿದ್ದಾರೆ, ಒಡ್ಡು ಒಡೆದರೆ ಕ್ಯಾಸ್ಪಿಯನ್‌ನಿಂದ ಭಾರತದ ಕಡೆಗೆ ಜಲಮಾರ್ಗ ಸಿಗುತ್ತದೆ ಎಂಬ ಸುದ್ದಿಯನ್ನು ರಷ್ಯಾದ ಪೀಟರ್ ದೊರೆ ನಂಬಿದ. ಅವನು ಕಳಿಸಿದ ಬೆಕೋವಿಚ್-ಚೆರ್ಕಾಸ್ಕಿಯ ದಂಡನ್ನು 1717ರಲ್ಲಿ ಖಿವಾದ ಖಾನ ಸ್ನೇಹದ ಮಾತಾಡಿ ಚದುರಿಸಿ ಕೊಂದ.

ಸೋವಿಯತ್ ಕಾಲದಲ್ಲಿ ಹತ್ತಿಗಾಗಿ ನದಿಯನ್ನು ಹಿಂಡಿದ ಕಥೆ ಎಲ್ಲರಿಗೂ ಗೊತ್ತಿದೆ. 1954ರಲ್ಲಿ ಕಾರಕುಮ್ ಕಾಲುವೆಯ ಕೆಲಸ ಶುರುವಾಯಿತು. 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್ ಇದ್ದ ಆರಲ್ ಅರ್ಧ ಶತಮಾನದಲ್ಲಿ ಹತ್ತನೇ ಒಂದರಷ್ಟಕ್ಕೆ ಇಳಿಯಿತು. ಅಷ್ಟು ಪ್ರಸಿದ್ಧವಲ್ಲದ ಸಂಗತಿ ಇನ್ನೊಂದಿದೆ. ಹತ್ತಿ ಹೊಲಗಳಿಂದ ಬಸಿದು ಬರುವ ಉಪ್ಪುನೀರನ್ನು ಹೊರಹಾಕಲು ಎಂಜಿನಿಯರುಗಳು ಆರಿಸಿಕೊಂಡ ದಾರಿ ಹಳೆಯ ದರ್ಯಾಲಿಕ್ ಪಾತ್ರ. ಇವತ್ತು ಆ ಕವಲಿನಲ್ಲಿ ಮತ್ತೆ ನೀರಿದೆ. ಅದು ಉಪ್ಪನ್ನೂ ಗೊಬ್ಬರ, ಕೀಟನಾಶಕಗಳ ಶೇಷವನ್ನೂ ಹೊತ್ತು ಸಾರಿಕಮಿಶ್ ಸೇರುತ್ತದೆ. ಶತಮಾನಗಳಿಂದ ಒಣಗಿದ್ದ ಆ ಕುಳಿ ದೊಡ್ಡ ಸರೋವರವಾಗಿದೆ. ನೀರಾವರಿಯಿಂದ ಏರಿದ ಅಂತರ್ಜಲ ಈ ಪ್ರದೇಶದ ಹಳೆಯ ಇಟ್ಟಿಗೆ ಕಟ್ಟಡಗಳ ಅಡಿಪಾಯಕ್ಕೆ ಉಪ್ಪನ್ನು ಏರಿಸುತ್ತಿದೆ, ಇಟ್ಟಿಗೆ ಪುಡಿಯಾಗುತ್ತಿದೆ. ಸಂರಕ್ಷಕರಿಗೆ ಈಗ ಇರುವ ಚಿಂತೆ ನೀರಿನ ಅಭಾವದ್ದಲ್ಲ, ಅತಿಯಾದ ತೇವದ್ದು.

ನದಿಯ ಮೇಲ್ಭಾಗದಲ್ಲಿ ಅಫ್ಘಾನಿಸ್ತಾನ 2022ರಿಂದ ಕೋಶ್ ತೆಪಾ ಎಂಬ 285 ಕಿಲೋಮೀಟರ್ ಉದ್ದದ ಕಾಲುವೆ ತೋಡುತ್ತಿದೆ. ಅಮು ದರಿಯಾದ ನೀರು ಹಂಚಿಕೆಗೆ ಆಧಾರವಾಗಿರುವ 1992ರ ಒಪ್ಪಂದಕ್ಕೆ ಸಹಿ ಹಾಕಿದವು ಮಧ್ಯ ಏಷ್ಯಾದ ಐದು ಹೊಸ ಗಣರಾಜ್ಯಗಳು ಮಾತ್ರ; ಅಫ್ಘಾನಿಸ್ತಾನ ಅದರಲ್ಲಿಲ್ಲ. ಕಾಲುವೆ ಪೂರ್ತಿಯಾದ ಮೇಲೆ ಮೊದಲು ಕೊರತೆ ಕಾಣುವುದು ನದಿಯ ಕೊನೆಯಲ್ಲಿರುವ ಊರುಗಳಿಗೆ: ಹೊಸ ಉರ್ಗೆಂಚ್, ಖಿವಾ, ನುಕುಸ್, ದಶೋಗುಜ್.